ಮೊಂಡು ಸೇತುವೆಯ ಮೇಷ್ಟ್ರು

“ಹಳದಿ ಗೆರೆ ಕಾಣಿಸ್ತಾ?” ಎಂದು ಮೇಷ್ಟ್ರು ಕೇಳಿದರು.

ಸ್ಟಿಯರಿಂಗ್ ಹಿಡಿದಿದ್ದ ಬ್ಯಾಂಕಿನ ಹೆಂಗಸು ಕಾಣಿಸಿತೆಂದು ತಲೆಯಾಡಿಸಿದಳು. ನಿಜವಾಗಿ ಆಕೆಗೆ ಕಂಡದ್ದು ಗೆರೆಯಲ್ಲ, ಗೆರೆಯ ಆಚೆಗಿನ ಆಕಾಶ. ರಸ್ತೆ ಏರಿಕೊಂಡು ಹೋಗಿ, ಇನ್ನೇನು ಬಲಕ್ಕೆ ತಿರುಗಬೇಕು ಎನ್ನುವಷ್ಟರಲ್ಲಿ ಮುಗಿದುಹೋಗಿತ್ತು. ತುದಿಯಲ್ಲಿ ನಾಲ್ಕಾರು ಸಿಮೆಂಟ್ ದಿಮ್ಮಿಗಳು, ಅವುಗಳ ಸಂದಿಯಲ್ಲಿ ತುಕ್ಕು ಹಿಡಿದ ಕಬ್ಬಿಣದ ಸರಳುಗಳು, ಅಷ್ಟೆ. ಆಕೆಯ ಕಾಲು ಬ್ರೇಕನ್ನು ಹುಡುಕುವ ಮೊದಲೇ ಕಾರು ಗಕ್ಕನೆ ನಿಂತಿತು. ಮೇಷ್ಟ್ರ ಕಾಲ ಕೆಳಗೂ ಒಂದು ಬ್ರೇಕಿತ್ತು. ಅದನ್ನು ಒತ್ತುವಾಗ ಅವರ ರಬ್ಬರ್ ಚಪ್ಪಲಿ ಪ್ರತಿ ಸಲವೂ ಕಿರ್ ಎನ್ನುತ್ತಿತ್ತು.

“ಏರು ಮುಗೀತಾ ಬಂತು ಅಂದ್ರೆ ಕಾಲು ಬ್ರೇಕಿನ ಮೇಲಿರಬೇಕು ಕಣಮ್ಮ. ರಸ್ತೆ ನಿಮ್ಮನ್ನ ಕೇಳ್ಕೊಂಡು ಮುಗಿಯಲ್ಲ.”

ಅಷ್ಟರಲ್ಲಿ ಅವರ ಅಂಗಿಯ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಮನೆಯಿಂದ ಹೆಂಡತಿ. ಮಗಳು ಡಿಪೊದಿಂದ ಬಂದಿದ್ದಾಳೆ, ಬಸ್ಸಿನ ರೋಡ್ ಟೆಸ್ಟಿನಲ್ಲಿ ಫೇಲಾಗಿದ್ದಾಳೆ ಎಂದಳು. ಯಾಕಂತೆ ಎಂದು ಮೇಷ್ಟ್ರು ಕೇಳಿದರು.

“ಅದನ್ನ ನಿಮ್ಮನ್ನೇ ಕೇಳಬೇಕಂತೆ,” ಎಂದಳು ಹೆಂಡತಿ.

ಊರಿನವರು ಆ ಏರನ್ನು ಮೊಂಡು ಸೇತುವೆ ಎನ್ನುತ್ತಿದ್ದರು. ಹೆದ್ದಾರಿಯನ್ನು ಊರಿನ ನೆತ್ತಿಯ ಮೇಲಿಂದ ದಾಟಿಸುತ್ತೇವೆಂದು ಶುರುವಾದ ಕೆಲಸ. ಹತ್ತುವ ಕಡೆ ಸಿದ್ಧವಾಯಿತು, ಇಳಿಯುವ ಕಡೆ ಆಗಲೇ ಇಲ್ಲ. ಕಂಟ್ರಾಕ್ಟರ್ ಕೈಕೊಟ್ಟ ಎಂದು ಕೆಲವರು, ಕೋರ್ಟಿನಲ್ಲಿ ಸಿಕ್ಕಿಕೊಂಡಿತು ಎಂದು ಕೆಲವರು, ನಕ್ಷೆಯೇ ತಪ್ಪಂತೆ ಎಂದು ಇನ್ನು ಕೆಲವರು. ಬರಬರುತ್ತಾ ಕಾರಣ ಯಾರಿಗೂ ಬೇಡವಾಯಿತು. ಹತ್ತಿರದ ಲಾಂಡ್ರಿಯವನು ಲಾಡ್ಜುಗಳ ಬೆಡ್‌ಶೀಟುಗಳನ್ನು ಅದರ ತಡೆಗೋಡೆಯ ಮೇಲೆ ಒಣಹಾಕಿದ. ಸಕ್ಕರೆ ಕಾಯಿಲೆಯವರು ಬೆಳಗ್ಗೆ ಕೈ ಬೀಸಿಕೊಂಡು ನಡೆದರು. ಮೇಷ್ಟ್ರು ತಮ್ಮ ಡ್ರೈವಿಂಗ್ ಶಾಲೆಯನ್ನು ಅಲ್ಲಿಗೆ ತಂದರು. ಏರಿನಲ್ಲಿ ನಿಂತ ಗಾಡಿಯನ್ನು ಹಿಂದಕ್ಕೆ ಜಾರದ ಹಾಗೆ ಎತ್ತುವುದನ್ನು ಕಲಿಸಲು ಅಂಥ ಜಾಗ ದುಡ್ಡು ಕೊಟ್ಟರೂ ಸಿಗುತ್ತಿರಲಿಲ್ಲ. ಅವರ ಶಿಷ್ಯರು ಎಂಥ ಏರಿನಲ್ಲೂ ಕೂದಲೆಳೆಯಷ್ಟು ಹಿಂದೆ ಜಾರುವುದಿಲ್ಲ ಎಂದು ಊರೇ ಹೇಳುತ್ತಿತ್ತು. ಅದು ಅವರ ಕಿವಿಗೂ ಬೀಳುತ್ತಿತ್ತು, ಬಿದ್ದಾಗ ಖುಷಿಯಾಗುತ್ತಿತ್ತು.

ಮೊದಮೊದಲು ಅಲ್ಲಿ ಗೆರೆ ಇರಲಿಲ್ಲ, ದಿಮ್ಮಿಗಳೂ ಇರಲಿಲ್ಲ. ಹಾಲಿನ ಅಂಗಡಿಯವನೊಬ್ಬ ಕಲಿಯಲು ಬಂದಿದ್ದ. ಬ್ರೇಕ್ ಎಂದುಕೊಂಡು ಆಕ್ಸಿಲರೇಟರ್ ಒತ್ತಿದ. ಕಾರಿನ ಮೂತಿ ಸರಳುಗಳಿಗೆ ತಾಗಿ ನಿಂತಿತು, ನಿಲ್ಲಿಸಿದ್ದು ಮೇಷ್ಟ್ರ ಕಾಲು. ಹಾಲಿನವನು ಕೆಳಗಿಳಿದು ಹೊಟ್ಟೆ ಹಿಡಿದುಕೊಂಡು ನಕ್ಕ. ಮೇಷ್ಟ್ರಿಗೆ ನಗು ಬರಲಿಲ್ಲ, ಬಾಗಿಲು ತೆಗೆಯಲು ಕೈಯೇ ಬರಲಿಲ್ಲ. ಮಾರನೆಯ ದಿನ ಬಣ್ಣದ ಡಬ್ಬಿ ತಂದು, ತುದಿಗಿಂತ ಸಾಕಷ್ಟು ಹಿಂದೆಯೇ ತಾವೇ ಬಗ್ಗಿ ಗೆರೆ ಎಳೆದರು. ಅವತ್ತಿನಿಂದ ಅವರ ಬಲಗಾಲು ಸುಮ್ಮನೆ ಕೂತದ್ದಿಲ್ಲ. ಆಟೋದಲ್ಲಿ ಹಿಂದೆ ಕೂತರೂ ಒತ್ತುತ್ತಿತ್ತು, ಊಟದ ಮೇಜಿನ ಕೆಳಗೂ ಒತ್ತುತ್ತಿತ್ತು. ಆ ಕಾಲಿಗೆ ಬೇರೆ ಸಂಬಳ ಕೊಡಿಸಿ ಎಂದು ಹೆಂಡತಿ ರೇಗಿಸುತ್ತಿದ್ದಳು.

ಮನೆಗೆ ಬಂದಾಗ ಮಗಳು ಅಡುಗೆಮನೆಯ ಹೊಸಿಲ ಮೇಲೆ ಕೂತು ಬೂಟಿನ ದಾರ ಬಿಚ್ಚುತ್ತಿದ್ದಳು. ಬಿಚ್ಚಿ ಆಗಿದ್ದರೂ ಬಿಚ್ಚುತ್ತಲೇ ಇದ್ದಳು. ಚಿಕ್ಕಂದಿನಲ್ಲಿ ಅಪ್ಪನ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಹೋಂವರ್ಕ್ ಮಾಡಿದವಳು ಅವಳು. ಗೇರು ಬದಲಾಯಿಸುವ ಸದ್ದು ಕೇಳಿಯೇ ಯಾವ ಶಿಷ್ಯ ಬೇಗ ಕಲಿಯುತ್ತಾನೆ, ಯಾವನು ಮೇಷ್ಟ್ರ ತಲೆ ತಿನ್ನುತ್ತಾನೆ ಎಂದು ಹೇಳಿಬಿಡುತ್ತಿದ್ದಳು. ಓದು ಮುಗಿದ ಮೇಲೆ ಬಟ್ಟೆ ಅಂಗಡಿಯ ಕೌಂಟರಿನಲ್ಲಿ ವರ್ಷಗಟ್ಟಲೆ ನಿಂತು ನಿಂತು, ಕೊನೆಗೆ ನಿಂತದ್ದು ಸಾಕು ಎಂದು ಆ ಕೆಲಸ ಬಿಟ್ಟು, ಬಸ್ ಡ್ರೈವರ್ ತರಬೇತಿಗೆ ಸೇರಿದ್ದಳು. ಅಂಗಡಿಯಲ್ಲಿ ಅವಳ ಜಾಗಕ್ಕೆ ಆಗಲೇ ಬೇರೆಯವಳು ಬಂದಿದ್ದಳು.

ನಡೆದದ್ದನ್ನು ಅವಳು ತಲೆ ಎತ್ತದೆ ಹೇಳಿದಳು. ಬಸ್ಸನ್ನು ಹಿಂದಕ್ಕೆ ಎಂಟರ ಆಕಾರದಲ್ಲಿ ತಿರುಗಿಸಿದ್ದು ಸರಿಹೋಯಿತು. ಸಂತೆಯ ಇಕ್ಕಟ್ಟು ಬೀದಿಯಲ್ಲಿ ಒಂದು ಬುಟ್ಟಿಗೂ ತಾಗಿಸದೆ ಬಂದಳು. ಆಮೇಲೆ ಊರಿನ ಆಚೆ ಕಡೆಯ ಹೊಸ ಫ್ಲೈಓವರ್. ಏರಿ, ಇನ್ನೇನು ಇಳಿಯಬೇಕು ಎನ್ನುವಾಗ ಅವಳ ಕಾಲು ಬ್ರೇಕ್ ತುಳಿದುಬಿಟ್ಟಿತು. ಬಸ್ಸು ಜಪ್ಪಯ್ಯ ಎಂದರೂ ಅಲುಗದ ಹಾಗೆ ನೆತ್ತಿಯ ಮೇಲೆ ನಿಂತಿತು. ಹಿಂದಿದ್ದ ಲಾರಿ ಗೇಣು ದೂರದಲ್ಲಿ ಕಿರುಚಿಕೊಂಡು ನಿಂತಿತು. ಬಸ್ಸಿನಲ್ಲಿದ್ದ ಜೊತೆಯವರಲ್ಲಿ ಒಬ್ಬನ ಮೂಗು ಕಂಬಿಗೆ ಬಡಿದು ರಕ್ತ ಬಂತು. ಏನು ಅಡ್ಡ ಬಂತು ಎಂದು ಪರೀಕ್ಷೆ ಮಾಡುವವರು ಕೇಳಿದರು. ಏನೂ ಅಡ್ಡ ಬಂದಿರಲಿಲ್ಲ. ಮುಂದಿನ ವಾರ ಇನ್ನೊಂದು ಸಲ ನೋಡುತ್ತಾರಂತೆ. ಆಗಲೂ ಹೀಗೇ ಆದರೆ ಬೇರೆ ಕೆಲಸ ನೋಡಿಕೋ ಎಂದರಂತೆ.

“ಆಮೇಲೆ ಇನ್ನೊಂದು ಕೇಳಿದ್ರು,” ಎಂದಳು. “ಮೊಂಡು ಸೇತುವೆ ಮೇಲೆ ಕಲಿತವಳಾ ಅಂತ.”

ಮೇಷ್ಟ್ರಿಗೆ ಮೈ ಉರಿದುಹೋಯಿತು. ಅವನ್ಯಾರು, ಅವನಿಗೆ ಗಾಡಿ ಕಲಿಸಿದ ಪುಣ್ಯಾತ್ಮನಾರು, ಮೊಂಡು ಸೇತುವೆಯ ಮೇಲೆ ಕಲಿತರೆ ಏನಂತೆ ಎಂದು ಕೂಗಾಡಿದರು. ಹೆದರಿಕೆಯಿಂದ ಹಾಗಾಗಿದೆ, ಯಾರಿಗಾದರೂ ಆಗುತ್ತದೆ, ಮುಂದಿನ ವಾರ ಸರಿಹೋಗುತ್ತದೆ ಎಂದರು. ಹೆಂಡತಿ ಅವರು ಕೂತಿದ್ದ ಮೇಜಿನ ಕೆಳಗೆ ನೋಡಿದಳು. ಅಲ್ಲಿ ಚಪ್ಪಲಿ ಕಿರ್ ಎನ್ನುತ್ತಿತ್ತು.

ಮಾರನೆಯ ದಿನ ಅವರು ಪಾಠಗಳನ್ನು ಮುಂದಕ್ಕೆ ಹಾಕಿ ಹಳೆಯ ಶಿಷ್ಯರನ್ನು ಹುಡುಕಿಕೊಂಡು ಹೊರಟರು. ಆ ಪರೀಕ್ಷೆಯವನ ಬಾಯಿಗೆ ಬೀಗ ಹಾಕಲು ನಾಲ್ಕು ಜನರ ಮಾತು ಸಾಕು ಎಂದುಕೊಂಡಿದ್ದರು. ಔಷಧಿ ಅಂಗಡಿಯವನು ಮೇಷ್ಟ್ರನ್ನು ಕಂಡ ಕೂಡಲೇ ಸ್ಟೂಲು ಹಾಕಿದ, ಟೀ ತರಿಸಿದ. ಫ್ಲೈಓವರಿನ ಮೇಲೆ ಬ್ರೇಕ್ ಹಾಕುತ್ತೀಯಾ ಎಂದು ಕೇಳಿದ್ದಕ್ಕೆ, ಮಾತ್ರೆಯ ಪಟ್ಟಿ ಕತ್ತರಿಸುತ್ತಿದ್ದ ಕತ್ತರಿಯನ್ನು ಕೆಳಗಿಟ್ಟು ನಾಚಿಕೊಂಡ. ಹಿಂದಿನ ಬಂಪರ್ ಬದಲಾಯಿಸಿ ಬದಲಾಯಿಸಿ ಸಾಕಾಗಿದೆ, ಈ ಊರಿನವರಿಗೆ ಗಾಡಿ ಓಡಿಸಲು ಬರುವುದಿಲ್ಲ, ಸುಮ್ಮಸುಮ್ಮನೆ ಬಂದು ಗುದ್ದುತ್ತಾರೆ ಎಂದ. ಎಲ್ಲಿ ಗುದ್ದುತ್ತಾರೆ ಎಂದು ಮೇಷ್ಟ್ರು ಕೇಳಿದರು. ಅವನು ಫ್ಲೈಓವರಿನ ನೆತ್ತಿಯ ಮೇಲೆ ಎಂದವನು, ಮತ್ತೆ ಕತ್ತರಿ ಎತ್ತಿಕೊಂಡ.

ಹೊಲಿಗೆ ಅಂಗಡಿಯಾಕೆಗೆ ಬಂಪರಿನ ತೊಂದರೆಯೇ ಇರಲಿಲ್ಲ. ಆಕೆ ಇಷ್ಟು ವರ್ಷ ಯಾವ ಫ್ಲೈಓವರನ್ನೂ ಹತ್ತಿರಲಿಲ್ಲ, ಊರನ್ನೆಲ್ಲ ಬಳಸಿಕೊಂಡು ಕೆಳಗಿನ ರಸ್ತೆಯಲ್ಲೇ ಹೋಗುತ್ತಿದ್ದಳು. “ಮೇಲೆ ಹೋದ್ರೆ ಮುಂದೆ ಬರೀ ಆಕಾಶ ಕಾಣುತ್ತೆ ಮೇಷ್ಟ್ರೇ. ರಸ್ತೆ ಇರುತ್ತೆ ಅಂತ ಗೊತ್ತು. ಆದ್ರೂ ಕಾಣೋ ತನಕ ನಂಬಿಕೆ ಬರಲ್ಲ,” ಎಂದಳು. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಹೇಳಿದ ಮಾತು. ಆಕೆಗೆ ಅದು ದೊಡ್ಡ ವಿಷಯವೇ ಆಗಿರಲಿಲ್ಲ.

ಮೇಷ್ಟ್ರು ಅಲ್ಲಿಂದ ಎದ್ದವರು ಇನ್ನು ಯಾರನ್ನೂ ಕೇಳಲು ಹೋಗಲಿಲ್ಲ. ಬೀದಿಯಲ್ಲಿ ನಡೆಯುತ್ತಾ ಎದುರಿಗೆ ಬಂದ ಪ್ರತಿ ಕಾರಿನ ಸ್ಟಿಯರಿಂಗಿನ ಹಿಂದೆ ಯಾರಿದ್ದಾರೆಂದು ನೋಡತೊಡಗಿದರು. ಪರಿಚಯದ ಮುಖ ಕಂಡರೆ ಆ ಕಾರು ಕಣ್ಮರೆಯಾಗುವವರೆಗೆ ನಿಂತು ನೋಡುತ್ತಿದ್ದರು. ಮನೆಯಲ್ಲಿ ಕೂರಲು ಆಗಲಿಲ್ಲ, ಹೊರಗೆ ನಿಲ್ಲಲೂ ಆಗಲಿಲ್ಲ. ಪೇಪರನ್ನು ತಲೆಕೆಳಗಾಗಿ ಹಿಡಿದಿದ್ದೀರಿ ಎಂದು ಹೆಂಡತಿ ಹೇಳಿದಾಗ ಸರಿಮಾಡಿಕೊಂಡು, ಮತ್ತೆ ಮಡಚಿಟ್ಟರು.

ಕೊನೆಗೆ ಭಾನುವಾರ ಬೆಳಗ್ಗೆ, ನಡೀ, ಹೊಸ ಫ್ಲೈಓವರಿನ ಮೇಲೆಯೇ ಅಭ್ಯಾಸ ಮಾಡೋಣ ಎಂದು ಅವರೇ ಮಗಳನ್ನು ಕರೆದರು. ಇಬ್ಬರನ್ನೇ ಬಿಟ್ಟರೆ ಒಬ್ಬರಷ್ಟೇ ವಾಪಸ್ಸು ಬರುತ್ತೀರಿ ಎಂದು ಹೆಂಡತಿಯೂ ಹಿಂದಿನ ಸೀಟಿನಲ್ಲಿ ಕೂತಳು. ಮಗಳು ಚೆನ್ನಾಗಿಯೇ ಓಡಿಸಿದಳು. ಮೇಷ್ಟ್ರು ಮಾತಾಡಬಾರದೆಂದು ನಿಶ್ಚಯಿಸಿಕೊಂಡು ಕೈಯನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡಿದ್ದರು. ಏರು ಶುರುವಾಯಿತು. ಮುಂದಿನ ರಸ್ತೆ ಕಾಣದಾಗಿ, ಗಾಜಿನ ತುಂಬಾ ಆಕಾಶವೇ ಆಯಿತು. ಕಿರ್ ಎಂದಿತು. ಕಾರು ಮುಗ್ಗರಿಸಿ ನಿಂತಿತು. ಹಿಂದಿನಿಂದ ಹಾರ್ನುಗಳು ಬೈಯತೊಡಗಿದವು.

ಮೇಷ್ಟ್ರು ಮಗಳ ಕಡೆ ತಿರುಗಿದರು. ಏನೋ ಹೇಳಲು ಬಾಯಿ ತೆರೆದಿದ್ದರು.

“ಈ ಸಲ ನಾನಲ್ಲಪ್ಪ,” ಎಂದಳು ಅವಳು.

ಅವರು ಕೆಳಗೆ ನೋಡಿದರು. ಅವರ ಕಾಲು ಬ್ರೇಕನ್ನು ತಳ ಮುಟ್ಟುವ ಹಾಗೆ ತುಳಿದಿತ್ತು. ತೆಗೆ ಎಂದು ತಮ್ಮ ಕಾಲಿಗೆ ತಾವೇ ಹೇಳಿದರು, ಅದು ಗೋಡೆಗೆ ಹೇಳಿದ ಹಾಗಾಯಿತು. ಕೊನೆಗೆ ಎರಡೂ ಕೈಯಿಂದ ಮೊಣಕಾಲು ಹಿಡಿದು ಎತ್ತಬೇಕಾಯಿತು.

ಫ್ಲೈಓವರ್ ಇಳಿದ ಮೇಲೆ ಮಗಳು ಕಾರನ್ನು ಬದಿಗೆ ನಿಲ್ಲಿಸಿದಳು. ಅವಳಿಗೆ ಸಿಟ್ಟು ಬಂದಿರಲಿಲ್ಲ, ಸಿಟ್ಟು ಬಂದಿದ್ದರೆ ಮೇಷ್ಟ್ರಿಗೆ ಸುಲಭವಾಗುತ್ತಿತ್ತು. “ಬಸ್ಸಲ್ಲಿ ಪಕ್ಕದಲ್ಲಿ ನೀನಿರಲ್ಲ. ಆದ್ರೂ ಮೇಲೆ ಹೋಗ್ತಿದ್ದ ಹಾಗೆ ನಿನ್ನ ಚಪ್ಪಲಿ ಸದ್ದಾಗುತ್ತೆ ಅಂತ ಕಾಯ್ತೀನಿ. ಆಗಲ್ಲ. ಆಗಲಿಲ್ಲ ಅಂತ ನಾನೇ ತುಳೀತೀನಿ,” ಎಂದಳು.

ಮೇಷ್ಟ್ರಿಗೆ ನಾಚಿಕೆಯಾಯಿತು. ಇಂಥ ನಾಚಿಕೆ ಅವರಿಗೆ ಹೊಸದು. ನೂರಾರು ಜನರಿಗೆ ಗಾಡಿ ಕಲಿಸಿದೆನೆಂದು ಬೀಗಿದವರು, ಕಲಿಸಿದ್ದು ಹಾಲಿನವನಿಂದ ತಮ್ಮ ಕಾಲಿಗೆ ಹತ್ತಿದ ಭಯವನ್ನು ಎಂದು ಯೋಚಿಸಿಯೇ ಇರಲಿಲ್ಲ. ನಾನು ಇಳಿಯುತ್ತೇನೆ, ನೀನೊಬ್ಬಳೇ ಹೋಗಿ ಬಾ ಎಂದರು. ಹೆಂಡತಿಯನ್ನೂ ಇಳಿಸಿಕೊಂಡು, ಫ್ಲೈಓವರಿನ ಬುಡದಲ್ಲಿ ಪಂಕ್ಚರ್ ಅಂಗಡಿಯ ಪಕ್ಕ ನಿಂತರು. ಕಾರು ತಿರುಗಿಕೊಂಡು ಏರನ್ನು ಹತ್ತಿತು, ಚಿಕ್ಕದಾಯಿತು, ನೆತ್ತಿಯ ಮೇಲೆ ಅದರ ಹಿಂದಿನ ಕೆಂಪು ಬ್ರೇಕ್ ದೀಪಗಳು ಹತ್ತಿಕೊಂಡವು. ಒಂದು ಗಳಿಗೆ ಹತ್ತಿಕೊಂಡೇ ಇದ್ದವು.

“ರೀ, ಅವಳ ಪಕ್ಕದಲ್ಲಿ ನೀವೇ ಇರಬೇಕು,” ಎಂದಳು ಹೆಂಡತಿ, ಆ ದೀಪಗಳನ್ನೇ ನೋಡುತ್ತಾ. “ನಿಮ್ಮ ಕಾಲು ಇರಬಾರದು ಅಷ್ಟೆ.”

ಕಾರು ಬಂದ ಮೇಲೆ ಮೇಷ್ಟ್ರು ಚಪ್ಪಲಿ ಕಳಚಿ ಹೆಂಡತಿಯ ಕೈಗೆ ಕೊಟ್ಟು, ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಮೊಣಕಾಲು ಗೇರಿಗೆ ತಾಗಿತು, ಅದನ್ನು ಈಚೆ ಎಳೆದುಕೊಂಡರೆ ಇನ್ನೊಂದು ಬಾಗಿಲಿಗೆ ಒತ್ತಿತು. ಪಂಕ್ಚರ್ ಅಂಗಡಿಯವನು ಟ್ಯೂಬನ್ನು ನೀರಿನಲ್ಲಿ ಮುಳುಗಿಸುವುದನ್ನು ಬಿಟ್ಟು ಅವರನ್ನು ನೋಡಿದ. ಮಗಳು ಕೂಡ ನೋಡಿದಳು, ತುಟಿಯ ಮೂಲೆಯಲ್ಲಿ ನಗು ಬಂದದ್ದನ್ನು ಒಳಗೆಳೆದುಕೊಂಡಳು.

ಏರು ಬಂದಾಗ ಬಲಗಾಲು ಮಡಿಕೆಯೊಳಗೇ ಒದ್ದಾಡಿತು. ಮೇಷ್ಟ್ರು ಅದನ್ನು ಎರಡೂ ಕೈಯಿಂದ ಅದುಮಿ ಹಿಡಿದರು. ಹಿಂದಿನ ಸೀಟಿನಲ್ಲಿ ಹೆಂಡತಿ ಮಡಿಲಲ್ಲಿದ್ದ ಚಪ್ಪಲಿಗಳನ್ನು, ಅವೇ ಬ್ರೇಕ್ ಹಾಕಿಬಿಡುತ್ತವೋ ಎನ್ನುವ ಹಾಗೆ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಗಾಜಿನ ತುಂಬಾ ಆಕಾಶವಾಯಿತು. ಮೇಷ್ಟ್ರು ಕಣ್ಣು ಮುಚ್ಚಿದರು. ಕಾರು ನಡುಗಿತು, ನಿಧಾನವಾಯಿತು, ಆದರೆ ನಿಲ್ಲಲಿಲ್ಲ. ಕಣ್ಣು ತೆರೆದಾಗ ಎದುರಿಗೆ ಇಳಿಜಾರು, ಅದರಾಚೆ ಸಿಗ್ನಲ್ಲು, ಸಿಗ್ನಲ್ಲಿನಲ್ಲಿ ಬಲೂನು ಮಾರುವವನು, ಎಲ್ಲವೂ ತಮ್ಮ ತಮ್ಮ ಜಾಗದಲ್ಲಿದ್ದವು. ಇನ್ನೊಂದು ಸಲ ಎಂದಳು ಮಗಳು. ಆಮೇಲೆ ಮತ್ತೊಂದು ಸಲ. ಪಂಕ್ಚರ್ ಅಂಗಡಿಯವನು ಅವರನ್ನು ನೋಡಿ ನೋಡಿ ಬೇಸತ್ತು ತನ್ನ ಕೆಲಸಕ್ಕೆ ಮರಳಿದ. ಮನೆಗೆ ಬಂದು ಇಳಿದಾಗ ಮೇಷ್ಟ್ರ ಕಾಲು ಜೋಮು ಹಿಡಿದು, ಗೇಟಿನವರೆಗೆ ಹೆಂಡತಿ ಹಿಡಿದುಕೊಂಡು ನಡೆಸಬೇಕಾಯಿತು.

ಆ ವಾರ ಅವರು ಎಲ್ಲ ಶಿಷ್ಯರಿಗೂ ಹಾಗೆಯೇ ಕೂತು ಪಾಠ ಹೇಳಿದರು. ಮೇಷ್ಟ್ರಿಗೆ ಮೂಲವ್ಯಾಧಿಯಂತೆ ಎಂದು ಸುದ್ದಿ ಹಬ್ಬಿತು. ಅವರು ಅಲ್ಲಗಳೆಯಲಿಲ್ಲ.

ಟೆಸ್ಟಿನ ದಿನ ಮಗಳು ಬೆಳಗ್ಗೆಯೇ ಬೂಟು ಹಾಕಿಕೊಂಡು ಹೊರಟಳು. ಡಿಪೊದ ಹತ್ತಿರ ಬರಬೇಡ, ಫ್ಲೈಓವರಿನ ಬುಡದಲ್ಲೂ ನಿಲ್ಲಬೇಡ, ನಿನ್ನನ್ನು ಕಂಡರೆ ಎಲ್ಲ ಮತ್ತೆ ಮೊದಲಿಗೇ ಬರುತ್ತದೆ ಎಂದು ಅಪ್ಪನಿಂದ ಮಾತು ತೆಗೆದುಕೊಂಡಿದ್ದಳು. ಮೇಷ್ಟ್ರು ಬರುವುದಿಲ್ಲ ಎಂದಿದ್ದರು. ಹಾಗೆಂದು ಮನೆಯಲ್ಲಿ ಮುಳ್ಳಿನ ಮೇಲೆ ಕೂತಂತೆ ಕೂತಿರಲು ಅವರಿಂದಾಗಲಿಲ್ಲ. ಬ್ಯಾಂಕಿನ ಹೆಂಗಸಿಗೆ ಫೋನು ಮಾಡಿ, ಸಂಜೆಯ ಪಾಠವನ್ನು ಬೆಳಗ್ಗೆಗೇ ಕರೆದರು. ಮೊಂಡು ಸೇತುವೆಯ ತುದಿಯಲ್ಲಿ ನಿಂತರೆ, ತಾರಸಿಗಳ ನೀರಿನ ಟ್ಯಾಂಕುಗಳ ಆಚೆ ಹೊಸ ಫ್ಲೈಓವರಿನ ಬೆನ್ನು ಕಾಣುತ್ತದೆ ಎನ್ನುವುದನ್ನು ಅವರು ಮಗಳಿಗೆ ಹೇಳಿರಲಿಲ್ಲ.

ಕಾರು ಬೆಡ್‌ಶೀಟುಗಳ ಪಕ್ಕದಿಂದ ಏರು ಹತ್ತಿತು. ಮೇಷ್ಟ್ರು ಬರಿಗಾಲಲ್ಲಿ ಸೀಟಿನ ಮೇಲೆ ಮಡಚಿಕೊಂಡು ಕೂತಿದ್ದರು. ಪಾಠದ ಕಡೆ ಗಮನವೇ ಇರಲಿಲ್ಲ. ಬ್ಯಾಂಕಿನ ಹೆಂಗಸು ಗೆರೆ ಬರುವುದನ್ನು ನೋಡಿ, ಕ್ಲಚ್ ಒತ್ತಿ, ಬ್ರೇಕ್ ಹಿಡಿದು, ಹ್ಯಾಂಡ್‌ಬ್ರೇಕ್ ಎಳೆದಳು. ಕಾರು ಹಳದಿ ಗೆರೆಯ ಮೇಲೆ ಮೆತ್ತಗೆ ನಿಂತಿತು.

“ಸರ್, ನಾನೇ ನಿಲ್ಲಿಸಿದೆ,” ಎಂದಳು ಆಕೆ. ಆಕೆಗೇ ನಂಬಿಕೆ ಬಂದಿರಲಿಲ್ಲ.

ಮೇಷ್ಟ್ರು ಒಳ್ಳೆಯದಾಯಿತು ಎಂದು ಹೇಳಿ ಬಾಗಿಲು ತೆಗೆದು ಇಳಿದರು. ಎರಡು ನಿಮಿಷ ಇಲ್ಲೇ ಇರಿ, ಏನನ್ನೂ ಮುಟ್ಟಬೇಡಿ ಎಂದರು. ಬಿಸಿಲಿಗೆ ಸಿಮೆಂಟು ಆಗಲೇ ಕಾಯತೊಡಗಿತ್ತು, ಅವರಿಗೆ ಚಪ್ಪಲಿಯ ನೆನಪೂ ಆಗಲಿಲ್ಲ. ದಿಮ್ಮಿಗಳ ಹತ್ತಿರ ಹೋಗಿ, ಎದೆಯ ಎತ್ತರಕ್ಕೆ ಬಾಗಿದ್ದ ಒಂದು ಸರಳು ಹಿಡಿದು ನಿಂತರು. ಆಚೆ ಕಡೆ ಕಾರುಗಳು, ಲಾರಿಗಳು ಬೆಂಕಿಪೊಟ್ಟಣಗಳ ಹಾಗೆ ಹತ್ತಿ ಇಳಿಯುತ್ತಿದ್ದವು. ಊರಿನ ಬಸ್ಸುಗಳೆಲ್ಲ ನೀಲಿ, ತರಬೇತಿಯ ಬಸ್ಸೊಂದೇ ಬಿಳಿ. ತುಂಬಾ ಹೊತ್ತು ನೀಲಿಯೇ ಬಂದವು. ಸಂತೆಬೀದಿಯಲ್ಲಿ ಸಿಕ್ಕಿಕೊಂಡಳೋ, ಅಲ್ಲೇ ಏನಾದರೂ ಆಯಿತೋ, ಅಥವಾ ಆಗಲೇ ದಾಟಿ ಹೋಗಿಬಿಟ್ಟಳೋ ಎಂದು ಅವರು ಕತ್ತು ಚಾಚಿ ನೋಡತೊಡಗಿದರು.

ಆಮೇಲೆ ಬಿಳಿ ಬಸ್ಸು ಕಾಣಿಸಿತು. ಅದು ಎಡಗಡೆಯ ಸಾಲಿನಲ್ಲಿ, ಅವಸರವಿಲ್ಲದೆ, ಒಂದೇ ವೇಗದಲ್ಲಿ ಏರತೊಡಗಿತು. ಅದರ ಹಿಂದೆ ಮರಳು ತುಂಬಿದ ಲಾರಿಯೊಂದು ಅಂಟಿಕೊಂಡು ಬರುತ್ತಿತ್ತು. ಇಷ್ಟು ಹತ್ತಿರ ಯಾಕೆ ಬರ್ತಾನೆ ಇವನು ಎಂದು ಮೇಷ್ಟ್ರು ಗಟ್ಟಿಯಾಗಿಯೇ ಬೈದರು. ಬಸ್ಸು ಅರ್ಧ ಏರಿತು. ಅವರ ಬಲಗಾಲಿನ ಹೆಬ್ಬೆರಳು ಸಿಮೆಂಟನ್ನು ಒತ್ತತೊಡಗಿತ್ತು. ಅದು ಗೊತ್ತಾದ ಕೂಡಲೇ ಅವರು ಬೆಂಕಿ ತುಳಿದವರಂತೆ ಕಾಲನ್ನು ಮೇಲಕ್ಕೆ ಎತ್ತಿಕೊಂಡರು. ಸರಳನ್ನು ಗಟ್ಟಿಯಾಗಿ ಹಿಡಿದು, ಒಂದೇ ಕಾಲಿನ ಮೇಲೆ ನಿಂತರು. ವಾಕಿಂಗಿಗೆ ಬಂದಿದ್ದ ಇಬ್ಬರು ನಡೆಯುವುದನ್ನು ನಿಲ್ಲಿಸಿದರು.

ಬಸ್ಸು ನೆತ್ತಿಗೆ ಬಂತು. ಅಷ್ಟು ದೂರದಿಂದ ದೀಪ ಹತ್ತಿತೋ ಇಲ್ಲವೋ ಕಾಣುವಂತಿರಲಿಲ್ಲ. ಅವರು ಬಸ್ಸಿಗೂ ಲಾರಿಗೂ ನಡುವಿನ ಸಂದನ್ನೇ ನೋಡುತ್ತಿದ್ದರು. ಸಂದು ಕಿರಿದಾಗಲಿಲ್ಲ. ಮೊದಲು ಬಸ್ಸಿನ ಮೂತಿ ಮರೆಯಾಯಿತು, ಆಮೇಲೆ ಕಿಟಕಿಗಳು ಒಂದೊಂದೇ ಮರೆಯಾದವು, ಕೊನೆಗೆ ಅದರ ಬಿಳಿಯೇ ಇರಲಿಲ್ಲ. ಲಾರಿಯೂ ಅದರ ಹಿಂದೆ ಇಳಿದುಹೋಯಿತು.

“ಸರ್, ಕಾಲಿಗೆ ಏನಾದ್ರೂ ಚುಚ್ಚಿತಾ?” ಎಂದು ಬ್ಯಾಂಕಿನ ಹೆಂಗಸು ಕಾರಿನ ಕಿಟಕಿಯಿಂದ ತಲೆ ಹಾಕಿ ಕೇಳಿದಳು.

ಇಲ್ಲ ಎಂದು ಮೇಷ್ಟ್ರು ತಿರುಗದೆಯೇ ಕೈಯಾಡಿಸಿದರು. ಸರಳಿನ ತುಕ್ಕು ಅಂಗೈಗೆ ಮೆತ್ತಿಕೊಂಡಿತ್ತು. ಬಸ್ಸು ಸಿಗ್ನಲ್ಲಿನ ಹತ್ತಿರ ತಿರುಗಿಕೊಂಡು ಅದೇ ದಾರಿಯಲ್ಲಿ ವಾಪಸ್ಸು ಬರಬೇಕಿತ್ತು. ಅವರು ಕಾಲು ಇಳಿಸಲಿಲ್ಲ.